ಒಂದು ಸೇರು ತೌಡು

ಚನ್ನಪಟ್ಟಣ
7 ಸೆಪ್ಟೆಂಬರ್ 2025, ಭಾನುವಾರ

ಪ್ರೀತಿಯ ಅಶ್ವಥ,

ನಿನ್ನ ಸೊಂಟನೋವು ಈಗ ಹೇಗಿದೆ? ವಿಜಯಪುರದ ಬಿಸಿಲಿಗೆ ಅದು ತಾನಾಗಿ ಹೋಗುತ್ತದೆ ಎಂದು ಬೇಸಿಗೆಯಲ್ಲಿ ನೀನೇ ಹೇಳಿದ್ದೆ. ಬೇಸಿಗೆ ಮುಗಿದು ಮಳೆಗಾಲವೂ ಮುಗಿಯುತ್ತ ಬಂತು. ಆಫೀಸಿನ ಕುರ್ಚಿಗೆ ದಿಂಬು ಇಟ್ಟುಕೊಳ್ಳಲು ನಾಚಬೇಡ. ವಿಮೆ ಮಾಡಿಸಲು ಬಂದವರು ನಿನ್ನ ದಿಂಬನ್ನು ನೋಡುವುದಿಲ್ಲ. ರಮ್ಯಳ ಕೂದಲಿಗೆ ಅಲ್ಲಿಯ ನೀರು ಒಗ್ಗಿತೇ? ಮಗುವಿನ ಕೆಮ್ಮು ಪೂರ್ತಿ ನಿಂತಿತೇ? ನಾನು ಚೆನ್ನಾಗಿದ್ದೇನೆ. ಕನ್ನಡಕದ ನಂಬರು ಬದಲಾಗಿದೆ, ಅಷ್ಟೇ. ಫೋನು ಇರುವಾಗ ಕಾಗದವೇಕೆ ಎಂದು ನೀನು ಕೇಳುತ್ತೀಯ. ಫೋನಿನಲ್ಲಿ ನನಗೆ ಮೊದಲಿಂದಲೂ ಮಾತು ಕಡಿಮೆ. ಹೋದ ತಿಂಗಳಿಂದ ಅದೂ ಇಲ್ಲವಾಗಿದೆ. ಬರೆಯುವಾಗ ತಪ್ಪಿದರೆ ಹೊಡೆದುಹಾಕಿ ಮತ್ತೆ ಬರೆಯಬಹುದು.

ಇಲ್ಲಿಯ ಸುದ್ದಿ ಹೆಚ್ಚೇನಿಲ್ಲ. ಯೂನಿಫಾರಂ ಹೊಲಿಗೆ ಈ ವರ್ಷ ಅರ್ಧಕ್ಕೆ ಇಳಿಯಿತು. ಹೆದ್ದಾರಿ ಕಡೆಯ ಶಾಲೆಯವರು ಮಕ್ಕಳನ್ನು ಅಳತೆಗೆ ಕಳಿಸುವುದನ್ನು ನಿಲ್ಲಿಸಿದ್ದಾರೆ. ಹೊರಗಿನವರು ಮಕ್ಕಳ ಮೈಗೆ ಟೇಪು ಹಿಡಿಯಬಾರದಂತೆ. ಮನೆಯಲ್ಲೇ ಅಳೆದು ಬರೆದು ಕಳಿಸುತ್ತಾರೆ. ಕಾರಣ ನನಗೆ ತಿಳಿಯುವುದಿಲ್ಲ ಎಂದಲ್ಲ. ಪೇಪರಿನಲ್ಲಿ ಬರುವುದನ್ನು ನಾನೂ ಓದುತ್ತೇನೆ. ಆದರೆ ಎಷ್ಟೋ ವರ್ಷದಿಂದ ಮೇ ತಿಂಗಳೆಂದರೆ ನನ್ನ ಅಂಗಡಿಯ ಬೆಂಚಿನ ತುಂಬ ಮಕ್ಕಳು. ಕಂಕುಳಿಗೆ ಟೇಪು ತಾಕಿದರೆ ಕಚಗುಳಿಯಾಗಿ ಬಗ್ಗಿಬಿಡುತ್ತಿದ್ದರು. 'ಒಸಿ ಉದ್ದ ಬುಡಿ ಆಂಟಿ, ಎಲ್ಡು ವರ್ಸ ಬರ್ಬೇಕು ಅಂದವ್ಳೆ ನಮ್ಮವ್ವ' ಎನ್ನುತ್ತಿದ್ದರು. ಈಗ ಚೀಟಿಯಲ್ಲಿ ಅಂಕಿ ಬರುತ್ತದೆ, ನಾನು ಅಂಕಿಗೆ ಹೊಲಿಯುತ್ತೇನೆ. ಪಕ್ಕದ ಮನೆಯ ಮುನ್ನೀಗೂ ಇಂಥದ್ದೇ ಒಂದು ಬಂದಿದೆ, ಆದರೆ ಅವಳು ನಗುತ್ತಾಳೆ. ಅವಳ ಗಂಡ ಖಾಸಿಂ ಕಡೆಯುವ ಗಿಲಕಿಯ ಡಬ್ಬಿಗೆ 'ಮೂರು ವರ್ಷದೊಳಗಿನ ಮಕ್ಕಳಿಗಲ್ಲ' ಎಂಬ ಚೀಟಿ ಅಂಟಿಸಬೇಕು ಎಂದು ಕೊಳ್ಳುವವರು ಹೇಳಿದ್ದಾರಂತೆ. 'ಮೂರು ವರ್ಸ ಆದ್ಮೇಲೆ ಗಿಲಕಿ ಯಾರಕ್ಕಾ ಆಡ್ಸೋದು, ಮದ್ವೆ ಗಂಡಾ?' ಎಂದು, ಅಂಟಿಸುತ್ತಲೇ ಕೇಳಿದಳು. ಆಮೇಲೆ, 'ದಸರಕ್ಕೆ ನಮ್ ತೌಡಿ ಬತ್ತಾಳಲ್ವಾ?' ಎಂದಳು. ಮಗುವನ್ನು ಅವಳು ಇನ್ನೂ ಆ ಹೆಸರಿನಿಂದಲೇ ಕರೆಯುವುದು. ನಾನು ಒಳಗೆ ಬಂದೆ.

ಬರುವುದಿಲ್ಲ ಎಂದು ನೀನು ಹೇಳಿಲ್ಲ. ರಮ್ಯ ಹೇಳಿದಳು. ಈ ಸಲ ಬೇಡ ಅಕ್ಕ, ಸ್ಕೂಲಿನ ಮೇಡಂ ಒಂದಷ್ಟು ದಿನ ಮಗು ಆ ವಾತಾವರಣದಿಂದ ದೂರ ಇರಲಿ ಎಂದಿದ್ದಾರೆ ಎಂದಳು. ಅವಳು ಒರಟಾಗಿ ಹೇಳಲಿಲ್ಲ. ಆದರೆ ಫೋನು ಇಟ್ಟಮೇಲೆ ನಾನು ಕೂತು, ವಾತಾವರಣ ಎಂದರೆ ಏನೇನು ಎಂದು ಸುತ್ತಲೂ ನೋಡಿದೆ. ಎರಡು ಕೋಣೆ, ಹೊಲಿಗೆ ಮೆಷಿನ್ನು, ಪುಸ್ತಕದ ಕಪಾಟು, ಹಿತ್ತಲಿನ ನುಗ್ಗೆಮರ, ನಾನು. ಹೋದ ವರ್ಷ ಜೂನಿನಲ್ಲಿ ನಿನಗೆ ವರ್ಗವಾಗುವ ತನಕ ಮಗು ಬೆಳೆದದ್ದು ಇದರೊಳಗೇ.

ನಡೆದದ್ದನ್ನು ಒಮ್ಮೆ ಕ್ರಮವಾಗಿ ಬರೆಯುತ್ತೇನೆ. ನಿನಗೆ ಗೊತ್ತಿಲ್ಲವೆಂದಲ್ಲ, ಆದರೆ ಅಂದು ನೀನು ನುಗ್ಗೆಮರದ ಕಡೆ ತಿರುಗಿ ನಿಂತಿದ್ದೆ, ಪೂರ್ತಿ ನೋಡಲಿಲ್ಲ. ನಿಮ್ಮ ಮೊದಲ ಗಂಡುಕೂಸು ತಿಂಗಳು ತುಂಬುವ ಮುಂಚೆಯೇ ಹೋಯಿತು. ಇವಳು ಹುಟ್ಟಿದಾಗ ರಮ್ಯ ಮಲಗುತ್ತಲೇ ಇರಲಿಲ್ಲ. ಉಸಿರು ತಾಕುತ್ತದೆಯೇ ಎಂದು ಮಗುವಿನ ಮೂಗಿನ ಹತ್ತಿರ ಬೆರಳಿಟ್ಟುಕೊಂಡು ಕೂತಿರುತ್ತಿದ್ದಳು. ಆಗ ದೊಡ್ಡಮಳೂರಿನಿಂದ ಅವ್ವ ಬಂದು, ಉಳೀಬೇಕು ಅಂದ್ರೆ ಇದ್ನ ಮಾರ್ಬೇಕು ಅಂದಳು. ಬೇಡ ಎನ್ನಬಹುದಾಗಿದ್ದವಳು ರಮ್ಯ ಒಬ್ಬಳೇ. ಅವಳೇ ಎದ್ದು ಮೊರ ಹುಡುಕಿ ತಂದಳು. ಮೊರದಲ್ಲಿ ಹಳೇ ಸೀರೆ ಹಾಸಿ, ಮಗುವನ್ನು ಮಲಗಿಸಿ, ಕಸದ ಹಾಗೆ ಹೊಸಲಿನ ಆಚೆ ಇಟ್ಟರು. ನಾನು ದಾರಿಹೋಕಳ ಹಾಗೆ ಬೀದಿಯಿಂದ ಬಂದು ಇದೇನು ಎಂದು ಕೇಳಬೇಕಿತ್ತು, ಕೇಳಿದೆ. 'ತಿಪ್ಪೆಗೆ ಸುರಿಯಾಕೆ ಮಡಗಿವ್ನಿ. ಬೇಕಾದ್ರೆ ತಕ್ಕೊಂಡೋಗು, ಏನ್ ಕೊಟ್ಟೀಯೆ?' ಅಂದಳು ಅವ್ವ. ಒಂದು ಸೇರು ತೌಡು ಎಂದೆ. ತೌಡು ಅಳೆದು ಸುರಿದು ಮಗುವನ್ನು ಎತ್ತಿಕೊಂಡೆ. ಆಮೇಲೆ, ಇದು ನನ್ನದು, ಒಂದಷ್ಟು ದಿನ ನಿಮ್ಮ ಮನೆಯಲ್ಲಿಟ್ಟು ಸಾಕಿಕೊಡಿ ಎಂದು ರಮ್ಯಳ ಮಡಿಲಿಗೆ ಹಾಕಿದೆ. ಸಾವು ನಿಮ್ಮ ಮಗುವನ್ನು ಹುಡುಕಿಕೊಂಡು ಬಂದರೆ ಆ ಮನೆಯಲ್ಲಿ ನಿಮ್ಮ ಮಗುವೇ ಇಲ್ಲ. ಇರುವುದು ಯಾರೋ ತೌಡಿಗೆ ಕೊಂಡ ಕೂಸು, ಹೆಸರೂ ತೌಡಿ. ನಾನು ಇಂಥದ್ದನ್ನು ನಂಬುವವಳಲ್ಲ. ಆದರೆ ಅಂದು ರಮ್ಯ ಬೆರಳು ತೆಗೆದು ಮಲಗಿದ್ದನ್ನು ನಾನೇ ನೋಡಿದೆ.

ಅವ್ವ ಇನ್ನೊಂದು ಮಾತು ಹೇಳಿದ್ದಳು. ಏಳು ತುಂಬಿದಾಗ ಅಷ್ಟೇ ತೌಡು ತಂದುಕೊಟ್ಟು ನೀವು ಮಗುವನ್ನು ಬಿಡಿಸಿಕೊಳ್ಳಬೇಕು. ನನ್ನನ್ನು ಹಿತ್ತಲಿಗೆ ಕರೆದು, 'ಅವ್ರು ಕೇಳ್ದೇಟ್ಗೆ ಕೊಟ್ಬುಡಬ್ಯಾಡ. ಕೊಡಕಿಲ್ಲ ಅಂತ ಒಂದ್ಸಲ ಅನ್ನು. ಇಲ್ದಿದ್ರೆ ಅದು ಯಾರ್ಗೂ ಬ್ಯಾಡ್ವಾದ್ ಕೂಸಾಯ್ತದೆ' ಅಂದಳು. ಎರಡು ವರ್ಷಕ್ಕೆ ಅವ್ವನೂ ಹೋದಳು. ಕಥೆ ಮಾತ್ರ ಉಳಿಯಿತು. ಮಗುವಿಗೆ ಆ ಕಥೆ ಎಷ್ಟು ಇಷ್ಟವೆಂದರೆ, ಊಟಕ್ಕೆ ಕೂತರೆ 'ನನ್ನ ಕೊಂಡ್ಕೊಂಡಿದ್ದು ಹೇಳು' ಎನ್ನುತ್ತಿದ್ದಳು. ಕಾಲು ಹೊರಗೆ ಚಾಚಿಕೊಂಡರೂ ಸರಿ, ಮೊರದಲ್ಲೇ ಕೂತು, ನನಗೆ ಒಂದು ಸೇರು ಸಾಲದು, ಎರಡು ಕೊಡು ಎಂದು ಚೌಕಾಸಿ ಮಾಡುತ್ತಿದ್ದಳು. ನೀನೂ ನಗುತ್ತಿದ್ದೆ.

ಆ ಶಾಲೆಯಲ್ಲಿ ಆದದ್ದು ಇಷ್ಟೇ. ಟೀಚರು ಕುಟುಂಬದ ಬಗ್ಗೆ ಹೇಳಿ ಎಂದರು, ಅವಳು ಎದ್ದು ನಿಂತು, ನಮ್ಮಪ್ಪ ಅಮ್ಮ ನನ್ನ ಮಾರಿಬಿಟ್ಟಿದ್ದಾರೆ, ನಮ್ಮತ್ತೆ ತೌಡು ಕೊಟ್ಟು ಕೊಂಡುಕೊಂಡಿದ್ದಾರೆ, ರಜ ಬಂದಾಗ ವಾಪಸ್ ಹೋಗುತ್ತೇನೆ ಎಂದಳು. ಹೆಮ್ಮೆಯಿಂದಲೇ ಹೇಳಿರುತ್ತಾಳೆ, ಅವಳ ದನಿ ನನಗೆ ಗೊತ್ತು. ನಿಮ್ಮಿಬ್ಬರನ್ನೂ ಕರೆಸಿ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಕೇಳಿದರಂತೆ. ಮಗುವಿನ ಕೈಗೆ ಗೊಂಬೆ ಕೊಟ್ಟು, ಯಾರು ಯಾರಿಗೆ ಏನು ಕೊಟ್ಟರು ತೋರಿಸು ಎಂದರಂತೆ. ಆಮೇಲೆ ಅಲ್ಲಿಯ ಆಪ್ತ ಸಮಾಲೋಚಕಿ ನನಗೂ ಫೋನು ಮಾಡಿದಳು. ಚಿಕ್ಕ ವಯಸ್ಸಿನ ದನಿ, ಬಹಳ ಮರ್ಯಾದೆಯಿಂದ ಮಾತಾಡಿದಳು. ಮಗುವಿಗೆ ನೀವು ಏನಾಗಬೇಕು ಎಂದಳು. ಸೋದರತ್ತೆ ಎಂದೆ. ಮಗುವಿಗೆ ಬದಲಾಗಿ ನೀವು ಏನನ್ನಾದರೂ ಕೊಟ್ಟದ್ದು ನಿಜವೇ ಎಂದಳು. ನಿಜ ಎಂದೆ. ಏನು ಎಂದಳು. ತೌಡು ಎಂದೆ. ಆಚೆ ಏನೂ ಕೇಳಿಸದಿದ್ದಾಗ, ಎಷ್ಟು ಎಂದು ಕೇಳಲು ಅವಳಿಗೆ ಸಂಕೋಚವಾಗುತ್ತಿದೆ ಎಂದುಕೊಂಡು ನಾನೇ 'ಒಂದು ಸೇರು' ಎಂದೆ. ನೀನು ಇದಕ್ಕೆ ನನ್ನನ್ನು ಬೈದೆ. ಅವ್ವನ ಹಳೇ ಶಾಸ್ತ್ರ ಮೇಡಂ, ಆಟದ ಹಾಗೆ, ಎಂದು ನಾನು ಮೊದಲೇ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು ಎಂದು ನೀನು ಹೇಳಿದೆ. ಇರಬಹುದು. ಆದರೆ ಅವಳು ಕೇಳಿದ್ದು ಕೊಟ್ಟಿರಾ ಎಂದು. ಕೊಟ್ಟಿದ್ದೆ.

ಆ ಹುಡುಗಿಯ ಮೇಲೆ ನನಗೆ ಕೋಪವಿಲ್ಲ. ಹೋದ ಚಳಿಗಾಲದಲ್ಲಿ ಒಂದು ಅನುವಾದದ ಕಾದಂಬರಿ ಓದಿದ್ದೆ, ದೂರದ ಯಾವುದೋ ಚಳಿ ದೇಶದ್ದು. ಅದರಲ್ಲಿ ಒಂದು ಮೂಟೆ ಹಿಟ್ಟಿಗೆ ಮಗಳನ್ನು ಕಳಿಸಿಬಿಡುತ್ತಾರೆ, ಅವಳು ಮತ್ತೆ ಬರಲಿಲ್ಲ ಎಂದು ಅಲ್ಲೇ ಬರೆದಿದೆ. ಆ ಪುಟದಲ್ಲಿ ಗುರುತು ಇಟ್ಟು ನಾನು ಮುಂದೆ ಓದಲಿಲ್ಲ. ಮಾರಿದ ಮಗು ಎಂದಾಗ ಸಮಾಲೋಚಕಿಗೆ ಕಂಡದ್ದು ಆ ಮಗು, ಮೊರದಲ್ಲಿ ಕೂತು ಚೌಕಾಸಿ ಮಾಡುವ ನಮ್ಮ ಮಗುವಲ್ಲ. ಒಳ್ಳೆಯ ಅನುವಾದಕರು ಇಂಥ ಕಡೆ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ ಹಾಕುತ್ತಾರೆ. ನಮ್ಮ ಮಗು ಟಿಪ್ಪಣಿ ಇಲ್ಲದೆ ಊರು ಬಿಟ್ಟಿತು. ಅದು ಯಾರ ತಪ್ಪೂ ಅಲ್ಲ.

ನನಗೆ ಕೋಪ ಬಂದಿರುವುದು ಅದಾದಮೇಲಿನದಕ್ಕೆ. ವಿಷಯ ತಿಳಿದಮೇಲೂ, ಶಾಸ್ತ್ರ ಎಂದು ಒಪ್ಪಿಕೊಂಡಮೇಲೂ, ಆ ಹೆಸರು ಕರೆಯಬಾರದು, ಆ ಕಥೆ ಹೇಳಬಾರದು, ಅದು ಮಗುವಿನ ಮನಸ್ಸಿಗೆ ಕೆಟ್ಟದ್ದು ಎಂದು ತೀರ್ಮಾನಿಸಿದ್ದಾರೆ. ನೀವೂ ಒಪ್ಪಿದ್ದೀರಿ. ರಮ್ಯ ನನಗೆ ಏನೇನು ಅನ್ನಬಾರದು ಎಂದು ಒಂದೊಂದಾಗಿ ಹೇಳಿದಳು. ಕೋತಿ ಎನ್ನಬಾರದು. ಕರೀ ಗೊದ್ದ ಎನ್ನಬಾರದು, ಬಣ್ಣದ ಮಾತಾಯಿತು. ಎಲ್ಲ ಉಂಡರೆ ಜಾಣೆ ಎನ್ನಬಾರದು, ಬಲವಂತವಾಯಿತು. ಹಾಗಾದರೆ ಏನು ಅನ್ನಬೇಕು ಎಂದೆ. ನೀನು ಚೆಂದ ಇದ್ದೀಯ, ನಂಗೆ ನೀನು ತುಂಬ ಇಷ್ಟ ಅಂತ ನೇರವಾಗಿ ಹೇಳಿ ಅಕ್ಕ ಎಂದಳು. ಅಶ್ವಥ, ನಮ್ಮ ಮನೆಯಲ್ಲಿ ಯಾರಾದರೂ ಯಾರಿಗಾದರೂ ಹಾಗೆ ಹೇಳಿದ್ದನ್ನು ನೀನು ಕೇಳಿದ್ದೀಯಾ? ಅವ್ವ ನಿನ್ನನ್ನು ಬದುಕಿರುವ ತನಕ ಹಂದಿಮರಿ ಎಂದೇ ಕರೆದಳು. ಕೂಸನ್ನು ಹೊಗಳಿದರೆ ದೃಷ್ಟಿಯಾಗುತ್ತದೆ ಎಂದು ಹೆದರಿ ಹೆದರಿ, ನಮಗೆ ಪ್ರೀತಿಗೆ ಇದ್ದ ಮಾತುಗಳೆಲ್ಲ ಬೈಗುಳದಲ್ಲೇ ಇದ್ದವು. ಬೈಗುಳ ತಪ್ಪು ಎಂದು ಎಲ್ಲವನ್ನೂ ಒಟ್ಟಿಗೆ ಎತ್ತಿಕೊಂಡು ಹೋದರು. ನಾನು ಖಾಲಿ ಬಾಯಿಯಲ್ಲಿ ಫೋನು ಹಿಡಿದು ಕೂತಿದ್ದೇನೆ. ಮೊನ್ನೆ ಪ್ರಯತ್ನಪಟ್ಟು 'ನಿಹಾರಿಕ' ಎಂದು ಅವಳ ಶಾಲೆಯ ಹೆಸರು ಕರೆದೆ. ಅವಳು ಹಿಂದೆ ತಿರುಗಿ ನೋಡಿದಳು, ಬೇರೆ ಯಾರಾದರೂ ಬಂದರೋ ಎಂದು.

ಹೊಸ ಕಾಲದ ಎಲ್ಲ ನಿಯಮವೂ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಬೆತ್ತದ ಕಾಲಕ್ಕಿಂತ ಇದು ಒಳ್ಳೆಯದು. ನಿನ್ನ ಅಂಗೈ ಊದಿಕೊಂಡದ್ದು ನನಗೆ ನೆನಪಿದೆ. ಆದರೆ ನಿಯಮ ಮಾಡುವವರು ಒಮ್ಮೆಯಾದರೂ ಮಗುವನ್ನೇ, ಈ ಹೆಸರು ನಿನಗೆ ಇಷ್ಟವೇ ಎಂದು ಕೇಳಬೇಕಿತ್ತು. ಗೊಂಬೆ ಕೊಟ್ಟು ಅಷ್ಟೆಲ್ಲ ಕೇಳಿದವರು ಅದನ್ನು ಕೇಳಲಿಲ್ಲ.

ದಸರೆಗೆಂದು ಅವಳಿಗೆ ಲಂಗ ಜಾಕೀಟು ಹೊಲಿಯುತ್ತಿದ್ದೇನೆ. ಗಿಣಿಹಸಿರು, ಅಂಚು ಕೆಂಪು. ಅವಳ ಅಳತೆ ನನಗೆ ಗೊತ್ತಿಲ್ಲ ಎಂಬುದು ಕತ್ತರಿ ಹಿಡಿದಮೇಲೆ ತಿಳಿಯಿತು. ಫೋನಿನಲ್ಲಿ ಮುಖ ಕಾಣುತ್ತದೆ, ಉದ್ದ ಕಾಣುವುದಿಲ್ಲ. ಮುನ್ನೀಯ ಮಗಳು ಇಕ್ರಾಳನ್ನು ನಿಲ್ಲಿಸಿ ಅಳೆದು, ಒಂದಿಷ್ಟು ಕಡಿಮೆ ಮಾಡಿ ಕತ್ತರಿಸಿದೆ. ಒಳಗೆ ಮಡಿಕೆ ಬಿಟ್ಟಿದ್ದೇನೆ, ಬೇಕಾದರೆ ಬಿಚ್ಚಿ ಇಳಿಸಬಹುದು. ಹೊಲಿಗೆ ಕಡಿಮೆಯಾದಮೇಲೆ, ಸಂಜೆ ಅಂಗಡಿ ಮುಚ್ಚಿ ಬಂದರೆ ಮನೆಯ ಮೆಷಿನ್ನಿನ ಸದ್ದೂ ಇಲ್ಲ. ಮೊದಲು ಓದಲು ಹೊತ್ತು ಸಿಗುವುದಿಲ್ಲ ಎಂದು ಗೊಣಗುತ್ತಿದ್ದೆ. ಈಗ ಹೊತ್ತಿದೆ. ಕಾದಂಬರಿ ತೆರೆದು, ಅದೇ ಪುಟವನ್ನು ಮತ್ತೆ ಓದುತ್ತೇನೆ.

ಬರೆದದ್ದು ಉದ್ದವಾಯಿತು. ಇದನ್ನು ರಮ್ಯಳಿಗೂ ಓದಿಸು. ಅವಳ ಮೇಲೆ ನನಗೆ ಬೇಸರವಿಲ್ಲ. ಒಂದು ಕೂಸನ್ನು ಕಳೆದುಕೊಂಡವಳು ಯಾರು ಹೆದರಿಸಿದರೂ ಹೆದರುತ್ತಾಳೆ. ಕೆಂಗಲ್ ಹನುಮಂತರಾಯನಿಗೆ ನಿನ್ನ ಹೆಸರಲ್ಲಿ ಶನಿವಾರ ತುಪ್ಪದ ದೀಪ ಹಚ್ಚಿಸಿದ್ದೇನೆ, ಸೊಂಟಕ್ಕೆ. ಮೂವರೂ ಹೊತ್ತಿಗೆ ಸರಿಯಾಗಿ ಉಣ್ಣಿ, ತಣ್ಣಗಿರಿ.

ನಿನ್ನ ಅಕ್ಕ,
ಚೆಲುವಾಂಬ

ಮರೆತದ್ದು: ಕವರು ಅಂಟಿಸಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಗುರುವಾರ ವಿಡಿಯೋದಲ್ಲಿ ಮಾತಾಡುವಾಗ ರಮ್ಯ ಕುಕ್ಕರ್ ಇಳಿಸಲು ಎದ್ದು ಹೋದಳು. ಆಗ ಮಗು ಫೋನನ್ನು ಬಾಯಿಯ ಹತ್ತಿರ ತಂದುಕೊಂಡು, 'ಅತ್ತೆ, ನೀನು ನನ್ನ ಬ್ಯಾಡ ಅಂತ ವಾಪಸ್ ಕೊಟ್ಬುಟ್ಯಾ?' ಎಂದು ಕೇಳಿತು. ಅಷ್ಟರಲ್ಲಿ ರಮ್ಯ ಬಂದಳು. ನಾನು ಹೋಮ್‌ವರ್ಕ್ ಆಯಿತೇ ಎಂದುಬಿಟ್ಟೆ. ಇದಕ್ಕೆ ಫೋನಿನಲ್ಲಿ ಉತ್ತರ ಕೊಡಲು ನನಗೆ ಬರುವುದಿಲ್ಲ. ಅಕ್ಟೋಬರಿನಲ್ಲಿ ಅವಳಿಗೆ ಏಳು ತುಂಬುತ್ತದೆ. ಆ ಹಳೇ ಮೊರದ ಸಂದಿಗೆ ಮೆಂತ್ಯ, ಕಾಗದ ರುಬ್ಬಿ ಬಳಿದು ಬಿಸಿಲಿಗೆ ಇಟ್ಟಿದ್ದೇನೆ. ತೌಡು ಮಾತ್ರ ನೀವೇ ಕೊಳ್ಳಬೇಕು, ಇಲ್ಲಿ ಮಿಲ್ಲಿನಲ್ಲೇ ಸಿಗುತ್ತದೆ. ಒಂದು ದಿನಕ್ಕಾದರೂ ಕರೆದುಕೊಂಡು ಬಾ. ನೀವೇ ಬಿಡಿಸಿಕೊಂಡು ಹೋಗಿ. ಆಮೇಲೆ ನಾನು ಅವಳನ್ನು ನಿಹಾರಿಕ ಎಂದೇ ಕರೆಯುತ್ತೇನೆ. ಆದರೆ ನೀವು ಕೇಳಿದಾಗ ನಾನು ಒಂದು ಸಲ ಕೊಡುವುದಿಲ್ಲ ಎನ್ನಬೇಕು. ಅದನ್ನು ಅವಳು ಅಲ್ಲೇ ನಿಂತು ಕೇಳಿಸಿಕೊಳ್ಳಬೇಕು.