ತಾಯಿಹಾಲೇ ಲಸಿಕೆ

ಮಾರ್ಚ್ ೧೨, ಮಂಗಳವಾರ

ಹಿಂದಿನ ಬೀದಿಯಲ್ಲಿ ಮೂರು ಮಕ್ಕಳಿಗೆ ದಡಾರ ಎದ್ದಿದೆ. ತಂಗಿಯ ಮಗುವಿಗೆ ಹತ್ತು ತಿಂಗಳಾದರೂ ದಡಾರದ ಲಸಿಕೆ ಹಾಕಿಸಿಲ್ಲ. ಬೈದೆ. ಅವಳು ಬೀರುವಿನಿಂದ ನನ್ನ ಹಳೆಯ ಕರಪತ್ರ ತೆಗೆದು ಮುಖಕ್ಕೆ ಹಿಡಿದಳು: ‘ತಾಯಿಹಾಲೇ ಲಸಿಕೆ.’

“ನೀನೇ ಬರೆದಿದ್ದಲ್ವೇನಕ್ಕ? ಬೀದೀಲೆಲ್ಲ ಕೂಗಿದ್ದೆ. ಈಗ ಸೂಜಿ ಅಂತೀಯ.”

ಹಾಲುಪುಡಿ ಕಂಪನಿಗಳ ವಿರುದ್ಧ ಕೂಗಿದ ಘೋಷಣೆ ಅದು. ತಾಯಿ ಕೊಡುವ ರಕ್ಷಣೆ ಎರವಲು, ಕೆಲವು ತಿಂಗಳಲ್ಲಿ ಕರಗುತ್ತದೆ. ಆಮೇಲೆ ಮಗುವಿನ ಮೈಯೇ ಹೋರಾಡಬೇಕು, ಅದಕ್ಕೆ ತರಬೇತಿ ಕೊಡುವುದು ಲಸಿಕೆ. ಇಷ್ಟನ್ನೂ ಬರೆದಿದ್ದರೆ ಘೋಷಣೆ ಉದ್ದವಾಗುತ್ತಿತ್ತು.

“ತಪ್ಪು ಬರೆದಿದ್ದೆ ಕಣೇ,” ಎಂದೆ.

“ಅದನ್ನೂ ಅಚ್ಚು ಹಾಕ್ಸು.”

ನಾಳೆ ಬೆಳಿಗ್ಗೆಯೇ ಲಸಿಕೆಗೆ ಕರೆದೊಯ್ಯುತ್ತೇವೆ. ಆದರೆ ಸಂಜೆಯಿಂದ ಮಗುವಿನ ಮೂಗು ಸೋರುತ್ತಿದೆ. ದಡಾರವೂ ಹೀಗೇ ಶುರುವಾಗುತ್ತದೆ. ಆ ಕರಪತ್ರವನ್ನು ಸಾವಿರ ಪ್ರತಿ ಹಂಚಿದ್ದೆವು. ಇನ್ನೂ ಯಾರ ಯಾರ ಬೀರುವಿನಲ್ಲಿ ಇದೆಯೋ.