ತೆರೆಯದ ಮೂರು ಮೇಲ್‌ಗಳು

ಮಾರ್ಚ್ 3, ಸೋಮವಾರ. ಸಂಜೆ ಆರು

ಈಗಷ್ಟೇ ಅಂಗಡಿ ಮುಚ್ಚಿದ್ದು. ಬೆಳಿಗ್ಗೆ ಹಗ್ಗದ ಸುರುಳಿಗಳು ಬಂದವು, ಇಳಿಸಿಕೊಂಡೆ. ಮಧ್ಯಾಹ್ನ ಎಸ್ತಾನ್ಸಿಯಾದ ದೋಣಿಯವರು ಬಂದು ಎಂಜಿನ್ ಆಯಿಲ್ ಒಯ್ದರು. ಮೀನಿನ ಸಾರು ಹಳಸಿತ್ತು. ಬರೀ ಅನ್ನ ತಿಂದೆ.

ಮಾನೋಂಗ್ ಪುಲೊ ಹೊಸ ಫೋನ್ ತಂದಿದ್ದಾರೆ. ಆರ್ಡರೆಲ್ಲ ಅದರಲ್ಲೇ ಕಾಣಬೇಕಂತೆ. ಈಗ ಬಂದ ಮೇಲ್ ಎಲ್ಲ ಅಂಗಡಿಯ ಕಂಪ್ಯೂಟರಿಗೆ ಇಳಿದುಬಿಡುತ್ತದೆ, ಅವರ ಫೋನಿಗೆ ಏನೂ ಉಳಿಯುವುದಿಲ್ಲ.

'ನೀನು ತಿಂದು ಬಿಟ್ಟ ಎಂಜಲೂ ನನಗೆ ಸಿಗಲ್ವಲ್ಲ ಫೆಲಿ,' ಅಂದು ನಕ್ಕರು. ನಾನೂ ನಕ್ಕೆ. ನನ್ನ ಗಂಡ ರುಫಿಯ ಅಣ್ಣ, ಅದಕ್ಕೇ ಮಾನೋಂಗ್ ಅನ್ನುವುದು; ಆದರೂ ಅಂಗಡಿಯಲ್ಲಿ ಅವರು ಮಾಲೀಕರೇ.

ಮೇಲ್ ಸೆಟ್ಟಿಂಗಿನಲ್ಲಿ ಪಾಪ್ ತೆಗೆದು ಐಮ್ಯಾಪ್ ಹಾಕಬೇಕು. ಎದುರಿನ ನೆಟ್ ಅಂಗಡಿಯ ಜೋಬೆಲ್ ಬುಧವಾರ ಬಂದು ಮಾಡಿಕೊಡುತ್ತಾಳೆ. ಹಳೆಯ ಫೋಲ್ಡರ್‌ಗಳು ಏನಾಗುತ್ತವೆ, ಕೇಳಲಿಲ್ಲ.

ಮಾರ್ಚ್ 5, ಬೂದಿ ಬುಧವಾರ

ಚರ್ಚಿನಿಂದ ನೇರ ಅಂಗಡಿಗೆ. ಜೋಬೆಲ್ ಕೂಡ ಹಣೆಯ ಮೇಲೆ ಬೂದಿಯ ಶಿಲುಬೆ ಹಾಗೇ ಇಟ್ಟುಕೊಂಡು ಬಂದಳು. ನಾನು ಅವಳಿಗೆ ಮಾನಾಂಗ್, ಅಂದರೆ ಅಕ್ಕ.

'ನೋಡಿ ಮಾನಾಂಗ್, ಪಾಪ್ ಅಂದ್ರೆ ಪಾರ್ಸೆಲ್. ಹೋಟೆಲಿಂದ ಕಟ್ಟಿಸಿಕೊಂಡು ಬಂದ್ರಿ, ಮನೇಲಿ ಒಬ್ಬರೇ ತಿಂದ್ರಿ. ಐಮ್ಯಾಪ್ ಅಂದ್ರೆ ಎಲ್ಲರೂ ಹೋಟೆಲಿನ ಒಂದೇ ಪಾತ್ರೆಗೆ ಸೌಟು ಹಾಕೋದು. ಒಬ್ಬ ಉಪ್ಪು ಸುರಿದ್ರೆ ಎಲ್ಲರ ಬಾಯೂ ಉಪ್ಪು.'

'ನಿನ್ನ ತಲೆಯಲ್ಲಿ ಬರೀ ಊಟ.'

'ಇವತ್ತು ಉಪವಾಸ ಅಲ್ವಾ, ಅದಕ್ಕೇ.'

ಹೊಸ ಖಾತೆಯನ್ನು ಹಳೆಯದರ ಪಕ್ಕದಲ್ಲಿ ಕೂರಿಸಿದಳು. ಆಮೇಲೆ ಫೋಲ್ಡರ್‌ಗಳನ್ನು ಒಂದೊಂದಾಗಿ ಎಳೆದು ಅದರೊಳಗೆ ಬಿಡುತ್ತ ಬಂದಳು. ಬಲೆ. ಆಯಿಲ್. ಮನಿಲಾ ಬಿಲ್. ಕೊನೆಗೆ 'ರುಫಿ'. ಅಲ್ಲಿ ಕೈ ನಿಲ್ಲಿಸಿದಳು.

'ಇದು ಇಲ್ಲೇ ಇರಲಾ?'

ಕಂಪ್ಯೂಟರಿನ ಫ್ಯಾನ್ ತಿಂಗಳಿಂದ ನರಳುತ್ತಿದೆ. ಇದು ಸತ್ತರೆ? ಕೇಳಿದೆ.

'ಡಬ್ಬ ಸತ್ರೂ ಮೇಲೆ ಸರ್ವರಲ್ಲಿರೋದು ಸಾಯಲ್ಲ.'

ಹಾಗಾದರೆ ಹಾಕು ಅಂದೆ. ನಾನೇ ಅಂದೆ.

ಹಡಗಿನಿಂದ ಅವನು ಬರೆದದ್ದೆಲ್ಲ ಅದರಲ್ಲಿದೆ. ಹೊಸ ಮೇಲ್ ಶುರುಮಾಡುವುದು ಅವನಿಗೆ ಕೊನೆಗೂ ಬರಲಿಲ್ಲ. ನಾನು ಮೊದಲು ಕಳಿಸಿದ್ದಕ್ಕೇ ಉತ್ತರ ಒತ್ತಿ ಬರೆಯುತ್ತಿದ್ದ. ಹಾಗಾಗಿ ಎಲ್ಲದರ ತಲೆಯ ಮೇಲೂ 'ನೈಲಾನ್ ಹಗ್ಗದ ದರ'. ಮಗುವಿನ ಆಸೆ ಬರೆದದ್ದಕ್ಕೂ ನೈಲಾನ್ ಹಗ್ಗದ ದರ.

ಕೊನೆಯ ಮೂರು ಇನ್ನೂ ದಪ್ಪ ಅಕ್ಷರದಲ್ಲಿವೆ. ತೆರೆದಿಲ್ಲ. ಹಡಗು ಮುಳುಗಿದ ಸುದ್ದಿ ಮೊದಲು ಬಂತು, ಅವು ಆಮೇಲೆ ಇಳಿದವು. ಎರಡು ನೈಲಾನ್ ಹಗ್ಗ. ಒಂದಕ್ಕೆ ಮಾತ್ರ ಅದನ್ನು ಅಳಿಸಿ ಅವನೇ ಹೆಸರು ಕೊಟ್ಟಿದ್ದಾನೆ — 'ಫೆಲಿ, ಒಬ್ಬಳೇ ಓದು'.

ಜುಲೈಯಲ್ಲಿ ವರ್ಷ ತುಂಬುತ್ತದೆ. ಶೋಕದ ಕಪ್ಪು ಬಟ್ಟೆ ತೆಗೆಯುವ ದಿನ ಓದುವುದು ಎಂದುಕೊಂಡಿದ್ದೇನೆ. ಓದಿಬಿಟ್ಟರೆ ಅವನು ಹೇಳುವುದು ಮುಗಿದುಹೋಗುತ್ತದೆ.

ಮಾರ್ಚ್ 6

ಎಲ್ಲ ಸರಿ ಇದೆ. ನನ್ನ ಪರದೆಗೆ ಬರುವ ಮೊದಲೇ ಮಾನೋಂಗ್ ಫೋನ್ ಟಿಂಗ್ ಅನ್ನುತ್ತದೆ. ರುಫಿಯ ಹಳೆಯದೊಂದು ತೆರೆದು ನೋಡಿದೆ, ಬಂತು. ಹಡಗಿನ ಅಡುಗೆಯವನು ಅನ್ನ ಸೀಯಿಸಿದ ಕಥೆ. ಆ ಮೂರೂ ದಪ್ಪಗೇ ಇವೆ.

ಮಾರ್ಚ್ 12, ಬೆಳಿಗ್ಗೆ ಎಂಟು

ದಪ್ಪ ಇಲ್ಲ.

ಮೂರೂ ತೆಳು ಅಕ್ಷರ, ಓದಿದವುಗಳ ಹಾಗೆ. ನಾನು ಮುಟ್ಟಿಲ್ಲ. ಧೂಳು ಒರೆಸುವಾಗ ಕೈ ತಗಲಿತೋ... ಇಲ್ಲ.

ಮಾರ್ಚ್ 14

ಜೋಬೆಲ್‌ಗೆ ಹೇಳಿದೆ.

'ನೀವು ತೆರೆದಿಲ್ಲ ಅಂದ್ರೆ ಇನ್ಯಾರೋ ತೆರೆದಿದ್ದಾರೆ. ಪಾಸ್‌ವರ್ಡ್ ಯಾರ ಹತ್ರ ಇದೆ?'

'ನನ್ನ ಹತ್ರ. ಮಾನೋಂಗ್ ಹತ್ರ.'

ಅವಳು ನನ್ನ ಮುಖ ನೋಡಿದಳು. ಆಮೇಲೆ, 'ಫೋನಲ್ಲಿ ಬೆರಳು ತಾಗಿದ್ರೂ ಹಾಗಾಗುತ್ತೆ ಮಾನಾಂಗ್. ಅವರ ಬೆರಳು ನೋಡಿದೀರಲ್ಲ, ಬಾಳೆಹಣ್ಣು,' ಅಂದಳು. ನಗು ಬರಲಿಲ್ಲ.

ಒಬ್ಬಳೇ ಓದು ಅಂದಿದ್ದ.

ಮಾರ್ಚ್ 20, ಮಧ್ಯಾಹ್ನ

ಮಾನೋಂಗ್ ಲಾ ಪಾಜ್ ಮಾರುಕಟ್ಟೆಯಿಂದ ಬಾಚೋಯ್ ನೂಡಲ್ಸ್ ಸಾರು ತಂದರು, ನನಗೂ ಒಂದು ಬಟ್ಟಲು. ಇಷ್ಟು ವರ್ಷದಲ್ಲಿ ತಂದವರಲ್ಲ. ಎದುರಿಗೆ ಕೂತು ನಾನು ಉಣ್ಣುವುದನ್ನು ನೋಡಿದರು.

'ಈ ಕಪ್ಪು ಇನ್ನೂ ಎಷ್ಟು ದಿನ ಫೆಲಿ? ಗಿರಾಕಿಗಳು ಶವದ ಮನೆ ಅಂದ್ಕೊಂಡಾರು.'

'ಜುಲೈವರೆಗೆ.'

'ಹಳೇದನ್ನ ಕೆದಕ್ತಾ ಕೂತ್ರೆ ಹೋದವನಿಗೂ ನೆಮ್ಮದಿ ಇಲ್ಲ, ಇದ್ದವರಿಗೂ ಇಲ್ಲ.' ಸಾರನ್ನು ಸದ್ದು ಮಾಡಿ ಕುಡಿದರು. 'ಅಂದ ಹಾಗೆ, ಮೇಲ್‌ಬಾಕ್ಸ್ ತುಂಬಿದೆ ಅಂತ ಬರ್ತಿದೆ. ಬೇಡದ್ದು ತೆಗೀಬೇಕು. ನೀನು ತಲೆ ಕೆಡಿಸ್ಕೋಬೇಡ, ನಾನೇ ತೆಗೀತೀನಿ.'

ಬಟ್ಟಲು ತೊಳೆದಿಟ್ಟೆ.

ಮಾರ್ಚ್ 21

ಒಂದು ಮೇಲ್ ಇಲ್ಲ. ಕಳೆದ ಮೇ ತಿಂಗಳದ್ದು, ಓದಿದ್ದೆ. 'ಪಂಪ್ ಮತ್ತೆ ಕೆಟ್ಟಿದೆ. ತಳದಲ್ಲಿ ನೀರು ನಿಲ್ಲುತ್ತೆ. ಅಣ್ಣನಿಗೆ ಫೋನ್ ಮಾಡಿ ಹೇಳಿದೀನಿ, ಇಳಿದು ಬಂದುಬಿಡ್ತೀನಿ ಅಂತ. ಕರಾರು ಮುಗಿಯೋವರೆಗೂ ತಾಳ್ಕೋ ಅಂತಾನೆ, ತನ್ನ ಹೆಸರು ಕೆಡುತ್ತಂತೆ.'

ಆ ಹಡಗಿಗೆ ಅವನನ್ನು ಸೇರಿಸಿದ್ದು ಮಾನೋಂಗ್. ಅವನು ಹೋದ ಒಂಬತ್ತನೆಯ ದಿನದ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ಎದ್ದು ನಿಂತು ಹೇಳಿದ್ದರು — 'ನನ್ನ ತಮ್ಮ ಒಂದು ದಿನವೂ ಒಂದು ದೂರು ಹೇಳಿದವನಲ್ಲ.' ಅತ್ತಿದ್ದರು. ನಾನೂ ಅತ್ತಿದ್ದೆ.

ಪಂಪಿನ ಮಾತು ಆಗ ನೆನಪಾಗಲೇ ಇಲ್ಲ. ಈಗ ನೆನಪಾಗಿದೆ. ಮೇಲ್ ಇಲ್ಲ.

ಜೋಬೆಲ್ ಅಂಗಡಿಗೆ ಬೀಗ. ಗಿಮಾರಸ್‌ಗೆ ಹೋಗಿದ್ದಾಳೆ, ಅಕ್ಕನ ಹೆರಿಗೆ.

ಏಪ್ರಿಲ್ 2, ಬುಧವಾರ. ಹನ್ನೊಂದು ಗಂಟೆ

ದಿನವೂ ಬಂದ ತಕ್ಷಣ ಫೋಲ್ಡರ್ ನೋಡುತ್ತೇನೆ, ಮುಟ್ಟುವುದಿಲ್ಲ. ಮುಟ್ಟಿದರೆ ನನ್ನ ಕೈಯಲ್ಲೇ ಏನಾದರೂ ಹೋದೀತೆಂಬ ಭಯ.

ಇವತ್ತು ನೋಡುತ್ತಿದ್ದ ಹಾಗೇ ಮೇಲಿನ ಸಾಲು ಮಾಯ. ಅದರ ಕೆಳಗಿನದು. ಮತ್ತೊಂದು. ಪಟ್ಟಿ ಒಂದೊಂದೇ ಸಾಲು ಮೇಲಕ್ಕೆ ಸರಿಯುತ್ತಿತ್ತು. ನೈಲಾನ್ ಹಗ್ಗ, ನೈಲಾನ್ ಹಗ್ಗ. ಮಾನೋಂಗ್ ಹೊರಗೆ ಬೆಂಚಿನ ಮೇಲೆ ಬೆನ್ನು ತಿರುಗಿಸಿ ಕೂತಿದ್ದರು. ತಲೆ ಬಗ್ಗಿತ್ತು. ಹೆಬ್ಬೆರಳು ಆಡುತ್ತಿತ್ತು.

ಬಗ್ಗಿ ಗೋಡೆಯ ನೆಟ್ ವೈರ್ ಕಿತ್ತೆ.

ಪಟ್ಟಿ ನಿಂತಿತು. ಆ ಮೂರು ಸಾಲು ಉಳಿದಿವೆ.

ಏಪ್ರಿಲ್ 4

'ನೆಟ್ ಯಾಕಿಲ್ಲ?' ಕೇಳಿದರು.

'ಇಲಿ ಕಡಿದಿರಬೇಕು.'

'ಇಲಿಗೂ ನಿನ್ನ ಮೇಜಿನ ಕೆಳಗೇ ಜಾಗ ಬೇಕಾಯ್ತಾ?' ನಗುತ್ತಲೇ ಕೇಳಿದರು. ಕಣ್ಣು ನನ್ನ ಕೈಯ ಮೇಲಿತ್ತು.

ಏಪ್ರಿಲ್ 7, ಸೋಮವಾರ

ಜುಲೈವರೆಗೆ ಕಾಯುವ ಹಾಗಿಲ್ಲ. ಮಾನೋಂಗ್ ಬ್ಯಾಂಕಿಗೆ ಹೋದಾಗ ತೆರೆದೆ. ಅವನು ಹೆಸರು ಕೊಟ್ಟದ್ದನ್ನೇ ಮೊದಲು.

ಬಿಳಿ ಹಾಳೆ. ನಡುವೆ ಒಂದು ಸಾಲು — ಈ ಮೇಲ್ ಇನ್ನೂ ಇಳಿದಿಲ್ಲ, ನೆಟ್ ಜೋಡಿಸಿ.

ಉಳಿದೆರಡೂ ಹಾಗೇ.

ಏಪ್ರಿಲ್ 8, ಮಂಗಳವಾರ. ಸಂಜೆ ಏಳು

ಜೋಬೆಲ್ ನಿನ್ನೆ ಸಂಜೆ ಬಂದಳಂತೆ. ಬೆಳಿಗ್ಗೆಯೇ ಕರೆದೆ. ತುಂಬ ಹೊತ್ತು ನೋಡಿದಳು.

'ಐಮ್ಯಾಪಲ್ಲಿ ಮೊದಲು ಹೆಸರಷ್ಟೇ ಬರೋದು ಮಾನಾಂಗ್. ತೆರೆದ್ರೆ ಒಳಗಿಂದು ಬರುತ್ತೆ. ಸರ್ವರಿಗೆ ಹಾಕಿದ ಮೇಲೆ ನೀವು ತೆರೆದದ್ದು ಮಾತ್ರ ಇಲ್ಲಿರುತ್ತೆ. ತೆರೆಯದ್ದು...'

'ಮುಂಚೆ ಇಲ್ಲೇ ಇತ್ತಲ್ಲ, ಇದರೊಳಗೆ.'

'ಇತ್ತು. ನಾನು ನಕಲು ಮಾಡ್ಲಿಲ್ಲ. ಎತ್ತಿ ಹಾಕ್ಬಿಟ್ಟೆ.'

ತನ್ನ ಅಂಗಡಿಯಿಂದ ನೋಡಿ ಬರುತ್ತೇನೆ, ಮೇಲೆ ಉಳಿದಿರಬಹುದು ಅಂದಳು. ಪಾಸ್‌ವರ್ಡ್ ಬರೆದುಕೊಟ್ಟೆ. ರಸ್ತೆ ದಾಟಿ ಹೋದಳು. ಗಿರಾಕಿ ಬಂದು ಗಾಳದ ದಾರ ಕೇಳಿದ, ಅಳೆದು ಕೊಟ್ಟೆ. ಅವಳು ವಾಪಸ್ ಬಂದು ಬಾಗಿಲಲ್ಲೇ ನಿಂತಳು.

'ಆ ಫೋಲ್ಡರೇ ಇಲ್ಲ.'

'ಕಸದ ಬುಟ್ಟಿಯಲ್ಲಿ?'

'ಅದನ್ನೂ ಖಾಲಿ ಮಾಡಿದಾರೆ.'

ಹಾಗಾದರೆ ಇಲ್ಲಿ ಕಾಣುವುದೇನು ಎಂದು ಕೇಳಿದೆ. ಬರೀ ಹೆಸರು ಅಂದಳು. ವೈರ್ ಹಾಕಿದ ಕ್ಷಣ ಅದೂ ಹೋಗುತ್ತದಂತೆ. ನನ್ನ ಭುಜ ಮುಟ್ಟಿದಳು. ಜೋಕ್ ಮಾಡಲಿಲ್ಲ.

ಮಧ್ಯಾಹ್ನವೆಲ್ಲ ಪರದೆಯ ಮುಂದೆ ಕೂತಿದ್ದೆ. ಫೆಲಿ, ಒಬ್ಬಳೇ ಓದು. ಅದನ್ನೇ ಓದಿದೆ. ಒಬ್ಬಳೇ.

ಮಾನೋಂಗ್ ಬೀಗ ಹಾಕಲು ಬಂದಾಗ ಕೇಳಿಬಿಟ್ಟೆ. 'ರುಫಿ ಏನು ಬರೆದಿದ್ದ?'

ಬೀಗದಲ್ಲಿ ಕೀಲಿ ತಿರುಗಿಸಿದರು, ಎಳೆದು ನೋಡಿದರು, ಮತ್ತೆ ಎಳೆದು ನೋಡಿದರು.

'ಯಾವ ರುಫಿ?' ಅಂದರು. ಕೀಲಿ ಜೇಬಿಗೆ ಹಾಕಿಕೊಂಡು, 'ಹೋಗಿ ಮಲಕ್ಕೋ ಫೆಲಿ. ಬೇಗ ಬಾ, ಬಾಗಿಲು ತೆಗೀಬೇಕು.'

ನಾಳೆ ಎಂಟಕ್ಕೆ ನೆಟ್ ಲೈನಿನವರು ಬರುತ್ತಾರೆ.