ಮುಂದಿನ ಸೀಟಿಗೆ ವಾಪಸು ಕಳಿಸಿದ ಹುಡುಗಿಯ ಬಗ್ಗೆ

ಹೆಣ್ಣುಮಕ್ಕಳ ಶಾಲಾ ಭತ್ಯೆ ಯೋಜನೆಯ ಮಾನ್ಯ ನಿರ್ದೇಶಕರೇ,

ಹೊಡೆತ ತಿಂದದ್ದಕ್ಕಾಗಿ ನಿಮ್ಮ ಯೋಜನೆ ಹದಿನೇಳು ವರ್ಷದ ಹುಡುಗಿಯೊಬ್ಬಳಿಗೆ ದಂಡ ಹಾಕಿದೆ. ಆ ದಂಡಕ್ಕೆ ಬೇಕಾದ ಕಾಗದ ತುಂಬಿಕೊಟ್ಟವಳು ನಿಮ್ಮ ಯೋಜನೆಗಾಗಿ ಶಾಲೆಯಲ್ಲಿ ಹಾಜರಿ ಬರೆಯುವ ಕೆಲಸಕ್ಕಿರುವ ನಾನು. ಈ ಪತ್ರದಲ್ಲಿ ನನ್ನ ದನಿ ಅಲ್ಲಲ್ಲಿ ಕುಗ್ಗಿದರೆ ಅದನ್ನು ನಿಮ್ಮ ಮೇಲಿನ ಗೌರವವೆಂದು ದಯವಿಟ್ಟು ತಿಳಿಯಬೇಡಿ.

ಕಳೆದ ತಿಂಗಳು ನಿಮ್ಮ ವರದಿ ಬಿಡುಗಡೆಯಾಯಿತು. ಭತ್ಯೆ ಪಡೆದ ಹುಡುಗಿಯರಲ್ಲಿ ಗೆಳೆಯರಿಂದ ಏಟು ತಿನ್ನುವವರು ಕಡಿಮೆಯಾಗಿದ್ದಾರೆ ಎಂದು ನೀವು ಓದಿದಿರಿ. ಹಿಂದಿನ ಸಾಲಿನಲ್ಲಿ ಕೂತು ನಾನೂ ಚಪ್ಪಾಳೆ ತಟ್ಟಿದೆ. ಅದು ಸುಳ್ಳೆಂದು ಹೇಳಲು ಬರೆಯುತ್ತಿಲ್ಲ. ಅದು ನಿಜ, ನನ್ನ ದೂರು ಇರುವುದೇ ಅಲ್ಲಿ. ಮದ್ದು ಕೆಲಸ ಮಾಡುತ್ತದೆಂದು ಕಣ್ಣಾರೆ ಕಂಡ ಮೇಲೂ, ಜ್ವರ ಏರಿದವರಿಗೇ ಮದ್ದು ನಿಲ್ಲಿಸುವ ವೈದ್ಯನನ್ನು ಏನೆಂದು ಕರೆಯೋಣ?

ನಮ್ಮ ಊರಿಂದ ಶಾಲೆಗೆ ಒಂಬತ್ತು ಕಿಲೋಮೀಟರು. ಆ ದಾರಿಗೆ ಇರುವುದು ಒಂದೇ ಶೇರ್ ಟ್ಯಾಕ್ಸಿ, ಡ್ರೈವರ್ ಗೆಜಾನಿಯ ಬಿಳಿ ವ್ಯಾನು. ಡ್ರೈವರನ ಪಕ್ಕದ ಸೀಟಿನ ವಿಷಯ ನಿಮಗೆ ಗೊತ್ತಿರಲಾರದು, ನೀವು ಸ್ವಂತ ಕಾರಿನವರು. ಅಲ್ಲಿ ಕೂರುವ ಹುಡುಗಿ ಚಾರ್ಜು ಕೊಡಬೇಕಿಲ್ಲ. ಬದಲಿಗೆ ಏನು ಕೊಡುತ್ತಾಳೆಂಬುದು ವ್ಯಾನಿನಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಬಸಾನಿ (ಹೆಸರು ಬದಲಾಯಿಸಿದ್ದೇನೆ, ಡ್ರೈವರನದೂ; ನಿಜವಾದವು ಜೊತೆಗಿನ ಲಕೋಟೆಯಲ್ಲಿವೆ) ಹದಿನೈದನೆಯ ವಯಸ್ಸಿನಿಂದ ಅಲ್ಲಿ ಕೂರುತ್ತಿದ್ದಳು. ಗೆಜಾನಿಗೆ ಮೂವತ್ತನಾಲ್ಕು.

ನಿಮ್ಮ ತಿಂಗಳ ಭತ್ಯೆಯಾದ ಮುನ್ನೂರು ರ್‍ಯಾಂಡ್ ಅವಳ ಕೈಗೆ ಬಂದ ಮೊದಲ ಸೋಮವಾರ ಅವಳು ಹಿಂದಿನ ಬಾಗಿಲಿನಿಂದ ಹತ್ತಿ ನನ್ನ ಪಕ್ಕ ಕೂತಳು. ನಮ್ಮಲ್ಲಿ ಚಾರ್ಜು ಸಾಲಿಂದ ಸಾಲಿಗೆ, ಕೈಯಿಂದ ಕೈಗೆ ಮುಂದೆ ಹೋಗುತ್ತದೆ. ಅವಳು ತನ್ನ ನಾಣ್ಯಗಳನ್ನು ನನ್ನ ಅಂಗೈಗೆ ಹಾಕಿದಳು. ನಾನು ಮುಂದಕ್ಕೆ ದಾಟಿಸಿದೆ.

ಗೆಜಾನಿ ಕನ್ನಡಿಯಲ್ಲಿ ನೋಡಿದ. "ಇದ್ಯಾರ ದುಡ್ಡು?"

"ನಂದು. ಶಾಲೆ ತನಕ, ಒಬ್ಳಿಗೆ."

"ಓಹೋ! ಸರ್ಕಾರನ್ನೇ ಮದ್ವೆ ಆಗ್ಬಿಟ್ಯೇನೆ? ಗಂಡ ತಿಂಗಳಿಗೊಂದೇ ಸಲ ಬರೋದಾ?"

ವ್ಯಾನಿಗೆ ವ್ಯಾನೇ ನಕ್ಕಿತು. ಸಂತೆಗೆ ಹೊರಟಿದ್ದ ಹೆಂಗಸೊಬ್ಬಳು, "ಬಿಡಪ್ಪಾ, ದೊಡ್ಡೋರ ಮನೆ ಸಂಬಂಧ, ನಿನ್ ಕೈಲಾಗುತ್ತಾ?" ಎಂದಳು. ನಾನೂ ನಕ್ಕೆ. ಬಸಾನಿ ಮಾತ್ರ ಚೀಲವನ್ನು ತೊಡೆಯ ಮೇಲೆ ನೆಟ್ಟಗೆ ಇಟ್ಟುಕೊಂಡು ಕೂತಿದ್ದಳು.

ಐದು ತಿಂಗಳು ಅವಳು ಹಾಗೆಯೇ ಹೋದಳು. ಜುಲೈಯಲ್ಲಿ ಗೆಜಾನಿ ಅವಳನ್ನು ಟ್ಯಾಕ್ಸಿ ನಿಲ್ದಾಣದ ಹಿಂದೆ ಹಿಡಿದು ಹೊಡೆದ. ತುಟಿ ಸೀಳಿತು, ಮಣಿಕಟ್ಟು ಊದಿತು. ಮೊದಲ ವಾರ ಮುಖ ತೋರಿಸಲಾಗದೆ ಮನೆಯಲ್ಲಿ ಕೂತಳು. ಆಮೇಲೆ ಅವನ ವ್ಯಾನು ಹತ್ತಲಾರದೆ ನಡೆದಳು. ನಡೆದು ತಲುಪುವಷ್ಟರಲ್ಲಿ ಹಾಜರಿ ಕೂಗಿ ಆಗಿರುತ್ತಿತ್ತು. ಒಂದೇ ಟರ್ಮಿನಲ್ಲಿ ಇಪ್ಪತ್ತಮೂರು ದಿನ ಗೈರು. ನೂರಕ್ಕೆ ಎಂಬತ್ತು ಹಾಜರಿಯಿಲ್ಲದಿದ್ದರೆ ಭತ್ಯೆಯಿಲ್ಲ ಎಂಬುದು ನಿಮ್ಮ ನಿಯಮ.

"ಅಕ್ಕಾ, ಕಾರಣ ಏನಂತ ಬರೀತೀರಾ?" ಎಂದು ಅವಳು ನನ್ನ ಮೇಜಿನ ಮುಂದೆ ನಿಂತಳು. ನಿಮ್ಮ ನಮೂನೆಯಲ್ಲಿ ಮೂರೇ ಕಾರಣಗಳು: ಕಾಯಿಲೆ, ಮನೆಯಲ್ಲಿ ಸಾವು, ಇತರೆ. ಮೊದಲೆರಡಕ್ಕೆ ಮಾಫಿ. ಕಾಯಿಲೆಗೆ ಕ್ಲಿನಿಕ್ಕಿನ ಚೀಟಿ ಬೇಕು, ಕ್ಲಿನಿಕ್ಕಿಗೆ ಹೋಗಲು ಅದೇ ವ್ಯಾನು ಹತ್ತಬೇಕು. ಆದರೂ ಹಾಳೆಯ ಅಂಚಿನಲ್ಲಿ ಒಂದು ವಾಕ್ಯಕ್ಕೆ ಜಾಗವಿತ್ತು. ನಾನು ಸಾಹಿತ್ಯ ಓದಿದವಳು; ಕಾದಂಬರಿಗಳಲ್ಲಿ ಹೆಣ್ಣಿನ ಮೌನದ ಬಗ್ಗೆ ನಲವತ್ತು ಪುಟ ಬರೆದು ಪ್ರಶಂಸೆ ಪಡೆದವಳು. ಆ ಒಂದು ವಾಕ್ಯ ಬರೆಯಲಿಲ್ಲ. ಬರೆದರೆ ಮೇಲಿನವರು ಕರೆಸಿ ಕೇಳುತ್ತಾರೆ, ನಾನು ಬಾಯಿಬಿಡಬೇಕಾಗುತ್ತದೆ. ಮರುದಿನ ನಾನೂ ಅದೇ ವ್ಯಾನಿನಲ್ಲಿ ಬರಬೇಕು. 'ಇತರೆ' ಎಂಬುದಕ್ಕೆ ಗುರುತು ಹಾಕಿ ಸಹಿ ಮಾಡಿದೆ.

ಭತ್ಯೆ ನಿಂತ ಕಾಗದವನ್ನು ಮನೆಗೆ ಮುಟ್ಟಿಸಿದವಳೂ ನಾನೇ. ಅವಳ ಅಜ್ಜಿ ಸೊಪ್ಪು ಬಿಡಿಸುತ್ತಿದ್ದರು.

"ಏನನ್ನುತ್ತೆ ಮಗಾ ಈ ಹಾಳೆ?"

"ಹಾಜರಿ ಸಾಲದು ಅಂತ, ಅಜ್ಜಿ."

"ಹೌದಾ. ಅವನಿಗೂ ಒಂದು ಹಾಳೆ ಕಳ್ಸಿದಾರಾ?"

ಮಾನ್ಯರೇ, ಈ ಪ್ರಶ್ನೆಯನ್ನು ನಿಮಗೆ ದಾಟಿಸುತ್ತಿದ್ದೇನೆ. ಏಟಿನಿಂದ ಕಾಪಾಡಲು ಹುಟ್ಟಿದ ಯೋಜನೆ, ಏಟು ಬಿದ್ದ ಕೂಡಲೇ ಕೈಬಿಡುವುದು ಯಾವ ನ್ಯಾಯ? ಹೀಗೆ ಕೈಬಿಟ್ಟವರು ಆಮೇಲೆ ನಿಮ್ಮ ಲೆಕ್ಕಕ್ಕೇ ಬರುವುದಿಲ್ಲವಲ್ಲ, ನಿಮ್ಮ ಯಶಸ್ಸಿನಲ್ಲಿ ಅದರ ಪಾಲೆಷ್ಟು? ನಡೆದರೆ ಗೈರು, ಹತ್ತಲು ಚಾರ್ಜಿಲ್ಲ; ಎರಡು ವಾರದಿಂದ ಬಸಾನಿ ಮತ್ತೆ ಗೆಜಾನಿಯ ಪಕ್ಕ ಕೂರುತ್ತಿದ್ದಾಳೆ. ಸೆಕೆಯಲ್ಲೂ ತುಂಬುತೋಳಿನ ಅಂಗಿ. ಹಿಂದೆ ತಿರುಗಿ ನೋಡುವುದಿಲ್ಲ. ತಿರುಗಿದರೆ ನಾನೇನು ಮಾಡುತ್ತೇನೋ ನನಗೂ ಗೊತ್ತಿಲ್ಲ.

ನಾನು ಕೇಳುವುದು ಇಷ್ಟು. ಬರುವ ಮಂಗಳವಾರದೊಳಗೆ ಅವಳ ಭತ್ಯೆಯನ್ನು, ನಿಲ್ಲಿಸಿದ ತಿಂಗಳುಗಳದ್ದೂ ಸೇರಿಸಿ, ಕೊಡಿ. ಹೊಡೆತದಿಂದಾದ ಗೈರಿಗೆ ಯಾವ ಹುಡುಗಿಯ ಹಣವನ್ನೂ ತಡೆಯಬೇಡಿ, ಚೀಟಿಯನ್ನೂ ಕೇಳಬೇಡಿ. ಮತ್ತು ನನ್ನನ್ನು ಕರೆಸಿ. ಆ ನಮೂನೆಯಲ್ಲಿ ಬರೆಯದೆ ಬಿಟ್ಟದ್ದನ್ನು ನಿಮ್ಮೆದುರೇ ಬರೆದುಕೊಡುತ್ತೇನೆ.

ಈ ಪತ್ರಕ್ಕೆ ಬಸಾನಿಯ ಒಪ್ಪಿಗೆ ಕೇಳಲು ಹೋಗಿದ್ದೆ. ಪೂರ್ತಿ ಕೇಳಿಸಿಕೊಂಡು, "ಬರೀರಿ ಅಕ್ಕಾ. ಕೆಳಗೆ ನಿಮ್ಮ ಹೆಸರು ಹಾಕ್ತೀರಾ, ಇಲ್ಲಾ 'ಒಬ್ಬ ಹಿತೈಷಿ' ಅಂತೀರಾ?" ಎಂದಳು.

ಇಂತಿ, ನಾಚಿಕೆಯಿಂದ ಮತ್ತು ತಡವಾಗಿ,
ಮಿಯೆಲಾನಿ ಮಖುಬೆಲೆ
ಹಾಜರಿ ಸಹಾಯಕಿ, ಮ್ಪುಮಲಾಂಗಾ